ಗ್ರಾಮಸಭೆಯಲ್ಲಿ ಕೆರೆ ಹೂಳಿನ ಬಗ್ಗೆ ಎಂಟು ನಿಮಿಷದ ಭಾಷಣ: ಮಾತು ಕಣ್ಣಿಗೆ ಕಟ್ಟುವ ಹಾಗೆ ಮಾಡೋದು ಹೇಗೆ?

ಬೆದ್ದಲು_ಹೊಲ ಕೇಳಿದ್ದು:

ಚಿಂತಾಮಣಿ ಕಡೆಯ ಒಂದು ಊರಿನ ಗ್ರಾಮಸಭೆಯಲ್ಲಿ ಕೆರೆ ಸಮಿತಿಯ ಪರವಾಗಿ ಎಂಟು ನಿಮಿಷ ಮಾತಾಡಬೇಕಿದೆ. ಕೆರೆ 40 ಎಕರೆ, ಸರಾಸರಿ ಮೂರಡಿ ಹೂಳು. ಹೂಳು ತೆಗೆಯೋಕೆ ಅನುಮತಿ ಸಿಕ್ಕಿದೆ. ಸೇರುವ ಜನ ಸುಮಾರು 300, ಬಯಲಲ್ಲಿ ಶಾಮಿಯಾನ, ಕಂಬಕ್ಕೆ ಕಟ್ಟಿದ ಕೊಳವೆ ಮೈಕ್. ಉದ್ದೇಶ ಒಂದೇ: ಟ್ರ್ಯಾಕ್ಟರ್ ಇರುವವರು ಈ ಬೇಸಿಗೆಯಲ್ಲಿ ಗೋಡು (ಕೆರೆಯ ಹೂಳುಮಣ್ಣು) ತುಂಬಿಕೊಂಡು ತಮ್ಮ ಹೊಲಕ್ಕೆ ಹೊಡೆಯಬೇಕು.

ಬರೆದಿಟ್ಟುಕೊಂಡ ಭಾಗ ಇದು:

"ವೇದಿಕೆಯ ಮೇಲೆ ಆಸೀನರಾಗಿರುವ ಎಲ್ಲಾ ಗಣ್ಯಮಾನ್ಯರೇ, ಕೆರೆಗಳು ಗ್ರಾಮೀಣ ಬದುಕಿನ ಜೀವನಾಡಿಗಳಾಗಿದ್ದು ಅವುಗಳ ಸಂರಕ್ಷಣೆ ಪ್ರತಿಯೊಬ್ಬ ನಾಗರಿಕನ ಆದ್ಯ ಕರ್ತವ್ಯವಾಗಿರುತ್ತದೆ. ಕಳೆದ ಹಲವಾರು ದಶಕಗಳಿಂದ ಹೂಳು ತೆಗೆಯದ ಕಾರಣ ನೀರಿನ ಸಂಗ್ರಹಣಾ ಸಾಮರ್ಥ್ಯವು ಗಣನೀಯವಾಗಿ ಕುಸಿದಿರುವ ನಮ್ಮೂರಿನ ಕೆರೆಯ ಪುನಶ್ಚೇತನ ಕಾರ್ಯವನ್ನು ಕೈಗೊಳ್ಳಲು ತೀರ್ಮಾನಿಸಲಾಗಿದ್ದು, ಹೂಳೆತ್ತುವಿಕೆಯಿಂದ ಸುಮಾರು 14.8 ಕೋಟಿ ಲೀಟರ್ ಹೆಚ್ಚುವರಿ ನೀರು ಸಂಗ್ರಹಣೆಯಾಗುವ ನಿರೀಕ್ಷೆಯಿದೆ. ನಾವು ಈ ಕಾರ್ಯವನ್ನು ಮಾಡಬೇಕಾಗಿದೆ. ಏರಿಯ ಬುಡದ ಭಾಗದಲ್ಲಿ ಮಣ್ಣು ತೆಗೆಯಲು ಅವಕಾಶವಿರುವುದಿಲ್ಲ."

ವಿಷಯ ಎಲ್ಲ ಸರಿಯಿದೆ. ಓದಿದರೆ ಮಾತ್ರ ಸರ್ಕಾರಿ ಸುತ್ತೋಲೆ ಓದಿದ ಹಾಗೆ ಕೇಳಿಸುತ್ತೆ. ಒಳ್ಳೆ ಉಪಮೆ, ಗಾದೆ ಸೇರಿಸಿದರೆ ಸರಿಹೋಗುತ್ತಾ? ಎಲ್ಲಿಂದ ಕೈಹಾಕಬೇಕು?

---

ತೂಬಿನ_ಕಲ್ಲು:

ಉಪಮೆ ಸೇರಿಸೋದು ಆಮೇಲಿನ ಕೆಲಸ. ಈಗಿನ ವಾಕ್ಯಗಳ ಮೇಲೆ ಉಪಮೆ ಕೂರಿಸಿದರೆ ಗೋಡೆಯಿಲ್ಲದೆ ಸುಣ್ಣ ಬಳಿದ ಹಾಗಾಗುತ್ತೆ.

ಮೊದಲು ಒಂದು ಪೆನ್ಸಿಲ್ ತಗೊಂಡು ಕಣ್ಣಿಗೆ ಕಾಣುವ ಅಥವಾ ಕೈಗೆ ಸಿಗುವ ವಸ್ತುಗಳ ಕೆಳಗೆ ಗೆರೆ ಎಳೆಯಿರಿ. ನಿಮ್ಮ ಇಡೀ ಭಾಗದಲ್ಲಿ ವೇದಿಕೆ, ಕೆರೆ, ಹೂಳು, ನೀರು, ಏರಿ, ಮಣ್ಣು, ಇಷ್ಟೇ ಸಿಗೋದು. ಉಳಿದದ್ದೆಲ್ಲ ಸಂರಕ್ಷಣೆ, ಸಾಮರ್ಥ್ಯ, ಪುನಶ್ಚೇತನ, ಕಾರ್ಯ, ನಿರೀಕ್ಷೆ. ಇವನ್ನು ಯಾರೂ ಕಣ್ಣಾರೆ ಕಂಡಿಲ್ಲ. ಕಿವಿಗೆ ಬೀಳುತ್ತವೆ, ಒಳಗೆ ಚಿತ್ರ ಮೂಡಿಸಲ್ಲ.

ಎರಡನೆಯದು ವಾಕ್ಯದ ಕಟ್ಟು. "ಕಳೆದ ಹಲವಾರು ದಶಕಗಳಿಂದ" ಅಂತ ಶುರುವಾಗುವ ವಾಕ್ಯ 26 ಪದ ಇದೆ. ಅದರಲ್ಲಿ "ಕೆರೆಯ" ಅನ್ನುವ ಪದ ಬರೋದು ಹದಿಮೂರನೆಯದಾಗಿ. ಅಲ್ಲಿಯವರೆಗೆ ಯಾವುದರ ಬಗ್ಗೆ ಮಾತು ನಡೀತಿದೆ ಅಂತ ತಿಳಿಯದೆ ಕೇಳುವವರು ಹನ್ನೆರಡು ಪದ ಹೊತ್ತುಕೊಂಡು ನಿಂತಿರಬೇಕು. ಕನ್ನಡದಲ್ಲಿ ವಿಶೇಷಣ ಎಲ್ಲ ನಾಮಪದದ ಮುಂದೆ ಬಂದು ಕೂರುತ್ತೆ. "ತೆಗೆಯದ", "ಕುಸಿದಿರುವ" ಅಂತ ಒಂದರ ಮೇಲೊಂದು ಪೇರಿಸಿದಷ್ಟೂ ಭಾರ. ಓದುವವರಾದರೆ ಕಣ್ಣು ಹಿಂದಕ್ಕೆ ಓಡಿಸಿ ಮತ್ತೆ ಹಿಡೀತಾರೆ. ಕೇಳುವವರಿಗೆ ಆ ದಾರಿ ಇಲ್ಲ.

ಇದನ್ನು ಒಡೆಯುವ ಕ್ರಮ ಹೀಗೆ. ನಾಮಪದವನ್ನು ವಾಕ್ಯದ ಮೊದಲಿಗೆ ತನ್ನಿ. ಒಂದು ವಾಕ್ಯಕ್ಕೆ ಒಂದೇ ಕ್ರಿಯೆ ಇಡಿ. ಎಂಟು ಪದ ದಾಟಿದರೆ ಅನುಮಾನಪಡಿ, ಹನ್ನೆರಡು ದಾಟಿದರೆ ಕಡಿಯಿರಿ. ಹೀಗೆ:

"ನಮ್ಮ ಕೆರೆಯ ಹೂಳು ತೆಗೆದು ನಲವತ್ತು ವರ್ಷ ಆಯ್ತು. ತೂಬಿನ ಕಲ್ಲುಕಂಬ ಈಗ ಅರ್ಧ ಮಣ್ಣಲ್ಲಿ ಹೂತಿದೆ. ಮಳೆ ಬರುತ್ತೆ, ಕೆರೆ ತುಂಬುತ್ತೆ, ಕೋಡಿ ಹರಿಯುತ್ತೆ. ಶಿವರಾತ್ರಿ ಹೊತ್ತಿಗೆ ತಳ ಬಿರಿದು ಕೂತಿರುತ್ತೆ."

(ನಲವತ್ತು ವರ್ಷ ಅನ್ನೋದು ನನ್ನ ಊಹೆ, ನಿಮ್ಮ ಲೆಕ್ಕ ಹಾಕಿಕೊಳ್ಳಿ. "ಹಲವಾರು ದಶಕ" ಅಂತ ಮಾತ್ರ ಹೇಳಬೇಡಿ. ಕೊನೆಯ ಸಲ ಹೂಳು ತೆಗೆದಾಗ ಹುಟ್ಟಿದ ಮಗುವಿಗೆ ಈಗ ಎಷ್ಟು ವಯಸ್ಸು ಅಂತ ಊರಿನ ಹಿರಿಯರನ್ನು ಕೇಳಿದರೆ ನಿಖರವಾದ ವರ್ಷ ಸಿಗುತ್ತೆ.)

ಇದರಲ್ಲಿ ಒಂದೇ ಒಂದು ಅಲಂಕಾರ ಇಲ್ಲ, ಆದರೂ ಚಿತ್ರ ನಿಲ್ಲುತ್ತೆ. ಕಾರಣ, ಹೂತುಹೋದ ತೂಬಿನ ಕಂಬವನ್ನು ಆ ಸಭೆಯಲ್ಲಿ ಕೂತ ಪ್ರತಿಯೊಬ್ಬರೂ ನೋಡಿರ್ತಾರೆ. ನೀವು ಹೆಸರು ಹೇಳಿದರೆ ಸಾಕು, ಉಳಿದದ್ದನ್ನು ಅವರ ನೆನಪೇ ತುಂಬಿಕೊಡುತ್ತೆ. ಆದ್ದರಿಂದ ಭಾಷಣ ತಿದ್ದುವ ಮೊದಲು ಅರ್ಧ ಗಂಟೆ ಏರಿ ಮೇಲೆ ನಿಂತು ಕಂಡದ್ದು, ಕೇಳಿದ್ದು, ಮೂಗಿಗೆ ಬಡಿದದ್ದು ಅಂತ ಇಪ್ಪತ್ತು ಅಂಶ ಬರೆದುಕೊಳ್ಳಿ. ಏರಿ ಮೇಲೆ ಬೆಳೆದ ಜಾಲಿ, ಬಿರುಕಿನ ಅಗಲ ಎಷ್ಟು ಬೆರಳು, ಎಮ್ಮೆ ಮೈ ಅದ್ದುವಷ್ಟು ನೀರಿದೆಯಾ, ಕೋಡಿ ಕಲ್ಲಿನ ಮೇಲೆ ಯಾರ ಬಟ್ಟೆ ಒಣಗಿದೆ. ಭಾಷಣಕ್ಕೆ ಬೇಕಾಗೋದು ಅದರಲ್ಲಿ ನಾಲ್ಕು. ಆದರೆ ಇಪ್ಪತ್ತು ಬರೆದಾಗಲೇ ಆ ನಾಲ್ಕು ಸಿಗೋದು. ಮೊದಲು ಹೊಳೆಯುವ ನಾಲ್ಕೈದು ಎಲ್ಲರಿಗೂ ಹೊಳೆಯುವಂಥವೇ ಆಗಿರುತ್ತವೆ.

ಕೆರೆಯ ಪದಗಳನ್ನೇ ಬಳಸಿ: ತೂಬು (ಕೆರೆಯಿಂದ ನೀರು ಬಿಡುವ ಬಾಗಿಲು), ಕೋಡಿ (ಹೆಚ್ಚಾದ ನೀರು ಹರಿದುಹೋಗುವ ಜಾಗ), ಅಚ್ಚುಕಟ್ಟು (ಕೆರೆ ನೀರುಣ್ಣುವ ಜಮೀನು), ನೀರುಗಂಟಿ (ನೀರು ಬಿಡುವ ಆಳು), ಗೋಡು. "ಸಂಗ್ರಹಣಾ ಸಾಮರ್ಥ್ಯ" ಅನ್ನೋದಕ್ಕೆ "ಕೆರೆಯ ಹೊಟ್ಟೆ" ಅಂದರೆ ಯಾರೂ ತಲೆ ಕೆರೆದುಕೊಳ್ಳಲ್ಲ.

ಕನ್ನಡಕ್ಕೆ ಇನ್ನೊಂದು ದೊಡ್ಡ ಆಸ್ತಿ ಇದೆ: ಅನುಕರಣ ಪದಗಳು. ಖಾಲಿ ಕೆರೆ ಭಣಗುಡುತ್ತೆ, ಖಾಲಿ ಬೀದಿ ಬಿಕೋ ಅನ್ನುತ್ತೆ, ಒದ್ದೆ ಗೋಡು ಟ್ರಾಲಿಗೆ ಧೊಪ್ಪಂತ ಬೀಳುತ್ತೆ. ಒಂದು ಪದದಲ್ಲೇ ಶಬ್ದವೂ ದೃಶ್ಯವೂ ಬಂದುಬಿಡುತ್ತೆ. ಆದರೆ ಎಂಟು ನಿಮಿಷಕ್ಕೆ ಎರಡು ಸಾಕು. ಐದಾರು ಆದರೆ ಮಕ್ಕಳಿಗೆ ಕಥೆ ಹೇಳಿದ ಹಾಗೆ ಕೇಳಿಸುತ್ತೆ.

---

ಎಕರೆ_ಅಡಿ:

ಸಂಖ್ಯೆ ಬಗ್ಗೆ ಹೇಳ್ತೀನಿ, ಯಾಕೆಂದರೆ ನಿಮ್ಮ ಭಾಷಣದ ಪ್ರಾಣ ಅಲ್ಲಿದೆ, ಅಪಾಯವೂ ಅಲ್ಲೇ ಇದೆ.

14.8 ಕೋಟಿ ಲೀಟರ್ ಲೆಕ್ಕ ಸರಿಯಿದೆ. ಒಂದು ಎಕರೆ ಅಂದರೆ 43,560 ಚದರಡಿ. ಅದರ ಮೇಲೆ ಒಂದಡಿ ನೀರು ನಿಂತರೆ ಸುಮಾರು 12.3 ಲಕ್ಷ ಲೀಟರ್. 40 ಎಕರೆ, ಮೂರಡಿ ಅಂದರೆ 120 ಪಟ್ಟು. ಆದರೆ "ಕೋಟಿ ಲೀಟರ್" ಅನ್ನೋದು ಯಾರ ತಲೆಯಲ್ಲೂ ಕೂರಲ್ಲ. ಪತ್ರಿಕೆಯಲ್ಲಿ ದಿನಾ ಬರುವ ಟಿಎಂಸಿಗೂ ಇದೇ ಗತಿ. ಕೆಆರ್‌ಎಸ್ ಸಾಮರ್ಥ್ಯ 49.45 ಟಿಎಂಸಿ ಅಂತ ಎಲ್ಲರೂ ಓದಿರ್ತಾರೆ. ಒಂದು ಟಿಎಂಸಿ ಅಂದರೆ ಸುಮಾರು 23 ಸಾವಿರ ಎಕರೆ ಮೇಲೆ ಒಂದಡಿ ನೀರು ಅಂತ ಯಾರಾದರೂ ಹೇಳಿದ ಮೇಲೇ ಅದಕ್ಕೆ ಆಕಾರ ಬರೋದು.

ಕೇಳುವವರು ದುಡ್ಡು ಕೊಟ್ಟು ಕೊಂಡ ಅಥವಾ ಸೊಂಟದ ಮೇಲೆ ಹೊತ್ತ ಅಳತೆಗೆ ಸಂಖ್ಯೆಯನ್ನು ಇಳಿಸಬೇಕು. ನಿಮ್ಮ ಕಡೆ ಬೇಸಿಗೆಯಲ್ಲಿ ಟ್ಯಾಂಕರ್ ಬರುತ್ತೆ. 6,000 ಲೀಟರ್ ಟ್ಯಾಂಕರ್ ಹಿಡಿದರೆ ಒಂದು ಎಕರೆಯಲ್ಲಿ ಒಂದಡಿ ಹೂಳು ತೆಗೆದ ಜಾಗಕ್ಕೆ 205 ಟ್ಯಾಂಕರ್ ನೀರು ಹಿಡಿಯುತ್ತೆ. 15 ಲೀಟರ್ ಕೊಡದ ಲೆಕ್ಕದಲ್ಲಿ 82 ಸಾವಿರ ಕೊಡ. ಗಂಡಸರು ಹೆಚ್ಚಿರುವ ಸಭೆಗೆ ಟ್ಯಾಂಕರ್ ತಟ್ಟುತ್ತೆ, ಹೆಂಗಸರು ಹೆಚ್ಚಿದ್ದರೆ ಕೊಡ. ಎರಡನ್ನೂ ಹೇಳೋಕೆ ಹೋಗಬೇಡಿ. ಒಂದರ ಚಿತ್ರ ಮೂಡುವಷ್ಟರಲ್ಲಿ ಇನ್ನೊಂದು ಬಂದು ಅಳಿಸುತ್ತೆ. 205 ಅಂತಲೂ ಬೇಡ, "ಇನ್ನೂರು ಟ್ಯಾಂಕರ್" ಅನ್ನಿ, ಅರೆ ಉಸಿರು ಬಿಟ್ಟು ಇನ್ನೊಮ್ಮೆ ಅನ್ನಿ. ಕಿವಿಗೆ ಬಿದ್ದ ಸಂಖ್ಯೆ ಎರಡನೇ ಸಲಕ್ಕೇ ನಿಲ್ಲೋದು.

ಈಗ ಅಪಾಯ. ಇದೇ ಸಂಖ್ಯೆಯನ್ನು ತಿರುಗಿಸಿ ನೋಡಿ. 40 ಎಕರೆ, ಮೂರಡಿ ಅಂದರೆ 52 ಲಕ್ಷ ಘನ ಅಡಿ ಮಣ್ಣು. ಟ್ರಾಲಿಗೆ 100 ಘನ ಅಡಿ ಹಿಡಿದರೂ 52 ಸಾವಿರ ಟ್ರಾಲಿ. ಸಭೆಯಲ್ಲಿ ಲೆಕ್ಕ ಬಲ್ಲ ಒಬ್ಬರು ಎದ್ದು "ಎಷ್ಟು ಟ್ರಾಲಿ ಆಗುತ್ತೆ, ಯಾರು ಹೊಡೀತಾರೆ?" ಅಂತ ಕೇಳಿದರೆ ನಿಮ್ಮ 14.8 ಕೋಟಿಯೇ ನಿಮ್ಮ ಮೇಲೆ ತಿರುಗಿ ಬೀಳುತ್ತೆ. ಕೆಲಸ ಅಷ್ಟು ದೊಡ್ಡದು ಅಂತ ಗೊತ್ತಾದ ಕ್ಷಣ ಜನ ಕೈಚೆಲ್ತಾರೆ.

ಆದ್ದರಿಂದ ಆಗುವಷ್ಟಕ್ಕೇ ಲೆಕ್ಕ ಕಟ್ಟಿ. 20 ಟ್ರ್ಯಾಕ್ಟರ್, ದಿನಕ್ಕೆ ಹತ್ತು ಸಲ, 60 ದಿನ ಅಂದರೆ 12 ಸಾವಿರ ಟ್ರಾಲಿ. ಅಗೆದ ಮಣ್ಣು ಉಬ್ಬುತ್ತೆ, ಟ್ರಾಲಿಯಲ್ಲಿ 100 ಘನ ಅಡಿ ಕಂಡರೂ ಕೆರೆಯಲ್ಲಿ ಆಗುವ ಗುಂಡಿ ಅಷ್ಟಿರಲ್ಲ. ಅದಕ್ಕೆ ಕಾಲು ಭಾಗ ಕಳೆಯಿರಿ. ಉಳಿಯುವ ಜಾಗ ಸುಮಾರು ಎರಡೂವರೆ ಕೋಟಿ ಲೀಟರ್, ಅಂದರೆ ನಾಲ್ಕು ಸಾವಿರಕ್ಕೂ ಹೆಚ್ಚು ಟ್ಯಾಂಕರ್. ದಿನಕ್ಕೆ ಹತ್ತು ಬಂದರೆ ಒಂದು ವರ್ಷ ದಾಟುತ್ತೆ. ಭಾಷಣದಲ್ಲಿ ಹೀಗೆ ಬರಲಿ:

"ಇಪ್ಪತ್ತು ಟ್ರ್ಯಾಕ್ಟರ್. ಎರಡು ತಿಂಗಳು. ಇಷ್ಟು ಮಾಡಿದರೆ, ವರ್ಷವಿಡೀ ದಿನಕ್ಕೆ ಹತ್ತು ಟ್ಯಾಂಕರ್ ನೀರು ಬಂದಷ್ಟು ಜಾಗ ನಮ್ಮ ಕೆರೆಯಲ್ಲಿ ಆಗುತ್ತೆ."

"ಜಾಗ" ಅನ್ನುವ ಪದ ಬಿಡಬೇಡಿ. ನೀರು ಸಿಗುತ್ತೆ ಅಂತ ಮಾತು ಕೊಡೋಕೆ ಮಳೆ ನಮ್ಮ ಕೈಲಿಲ್ಲ, ನಿಂತ ನೀರಲ್ಲೂ ಒಂದಿಷ್ಟು ಇಂಗುತ್ತೆ, ಒಂದಿಷ್ಟು ಬಿಸಿಲಿಗೆ ಹೋಗುತ್ತೆ. ಕಣ್ಣಿಗೆ ಕಟ್ಟುವ ಮಾತಿಗೆ ಜನ ಸುಲಭವಾಗಿ ಒಪ್ಪಿಬಿಡ್ತಾರೆ. ಅದಕ್ಕೇ ಅದರಲ್ಲಿ ಸುಳ್ಳು ನುಸುಳದ ಹಾಗೆ ಇನ್ನಷ್ಟು ಎಚ್ಚರ ಬೇಕು.

---

ಗಡಿ_ನುಡಿ:

ಮೇಲಿನ ಇಬ್ಬರೂ ಮುಟ್ಟದ ಮೂರು ಪದಗಳಿವೆ: "ತೀರ್ಮಾನಿಸಲಾಗಿದ್ದು", "ನಾವು", "ಅವಕಾಶವಿರುವುದಿಲ್ಲ".

"ತೀರ್ಮಾನಿಸಲಾಗಿದೆ" ಅಂದ ಕೂಡಲೇ ಸಭೆಯಲ್ಲಿ ಏಳುವ ಪ್ರಶ್ನೆ "ಯಾರು?". ಕರ್ಮಣಿ ಪ್ರಯೋಗದಲ್ಲಿ ಮಾಡಿದವರು ಮರೆಯಾಗ್ತಾರೆ. ಕಚೇರಿ ಕಡತಕ್ಕೆ ಅದು ಅನುಕೂಲ, ಊರ ಸಭೆಯಲ್ಲಿ ಅದೇ ಅನುಮಾನಕ್ಕೆ ಬೀಜ. "ಸಮಿತಿಯ ಹನ್ನೊಂದು ಜನ ಕೂತು ಮಾತಾಡಿದ್ವಿ" ಅನ್ನಿ. ಮಾಡಲಾಗಿದೆ, ನೀಡಲಾಗುವುದು, ಕೈಗೊಳ್ಳಲಾಗಿದೆ, ಇಂಥ "-ಲಾಗಿ", "-ಲಾಗು" ಇರುವ ಕಡೆಯೆಲ್ಲ ಮಾಡಿದವರನ್ನು ಹುಡುಕಿ ವಾಕ್ಯದ ಮುಂದೆ ನಿಲ್ಲಿಸಿ. ಮಾಡಿದವರೇ ಸಿಗದಿದ್ದರೆ ಆ ವಾಕ್ಯ ಭಾಷಣಕ್ಕೆ ಬೇಡ.

"ನಾವು" ಇನ್ನೂ ಸೂಕ್ಷ್ಮ. ತೆಲುಗಿನಲ್ಲಿ ಕೇಳುವವರನ್ನೂ ಸೇರಿಸಿಕೊಂಡರೆ "ಮನಂ", ಬಿಟ್ಟರೆ "ಮೇಮು". ತುಳುವಿನಲ್ಲೂ "ನಮ", "ಎಂಕುಳು" ಅಂತ ಎರಡಿವೆ. ಇವತ್ತಿನ ಕನ್ನಡದಲ್ಲಿ ಎರಡಕ್ಕೂ ಒಂದೇ "ನಾವು". ಚಿಂತಾಮಣಿ, ಬಾಗೇಪಲ್ಲಿ ಕಡೆ ಮನೆಯಲ್ಲಿ ತೆಲುಗು ಆಡುವವರು ಬಹಳ. ಅವರ ಕಿವಿ ಈ ವ್ಯತ್ಯಾಸಕ್ಕೆ ಒಗ್ಗಿಕೊಂಡಿರುತ್ತೆ. ಸಮಿತಿಯವರು ವೇದಿಕೆ ಮೇಲೆ ನಿಂತು "ನಾವು ಮಾಡಬೇಕಾಗಿದೆ" ಅಂದರೆ, ಎದುರು ಕೂತವರು "ಸರಿ, ನೀವು ಮಾಡಿ" ಅಂದುಕೊಳ್ಳೋಕೆ ದಾರಿ ಇದೆ. ಕನ್ನಡದಲ್ಲಿ ಇದನ್ನು ಬಿಡಿಸಿ ಹೇಳಬೇಕು. ಸಮಿತಿ ಮಾತ್ರ ಆದರೆ "ಸಮಿತಿಯವರು ನಾವು ಜೆಸಿಬಿ ತರಿಸ್ತೀವಿ". ಎಲ್ಲರೂ ಆದರೆ "ನಾವು ನೀವು ಸೇರಿ", "ಊರವರೆಲ್ಲ". ಭಾಷಣದ ಪ್ರತಿಯಲ್ಲಿ "ನಾವು", "ನಮ್ಮ" ಎಲ್ಲೆಲ್ಲಿದೆ ಅಂತ ಸುತ್ತು ಹಾಕಿ, ಪಕ್ಕದಲ್ಲಿ ಯಾರು ಅಂತ ಬರೆಯಿರಿ. ಬರೆಯೋಕೆ ಆಗದ ಕಡೆ ತಿದ್ದಿ.

ಮೂರನೆಯದು ಜೀವದ ಪ್ರಶ್ನೆ. ಕನ್ನಡದಲ್ಲಿ ಬೇಡ, ಬಾರದು, ಕೂಡದು, ಇಲ್ಲ ಎಲ್ಲ ವಾಕ್ಯದ ಕಟ್ಟಕಡೆಗೆ ಬರುತ್ತವೆ. ಮಾತಾಡುವವರ ಉಸಿರು ಮುಗಿಯೋದೂ ಅಲ್ಲೇ, ದನಿ ಇಳಿಯೋದೂ ಅಲ್ಲೇ. "ಏರಿ ಬುಡದಲ್ಲಿ ಮಣ್ಣು ತೆಗೀಬಾರದು" ಅನ್ನುವಾಗ ಕೊನೆಯ "ಬಾರದು" ಗಾಳಿಗೆ ಹೋದರೆ ಹಿಂದಿನ ಸಾಲಿಗೆ ಮುಟ್ಟೋದು "ಏರಿ ಬುಡದಲ್ಲಿ ಮಣ್ಣು ತೆಗೀ" ಮಾತ್ರ. ಬುಡ ಸಡಿಲವಾದರೆ ಏರಿ ಜಾರುತ್ತೆ, ಕೆರೆ ತುಂಬಿದ ವರ್ಷ ಒಡೆಯುತ್ತೆ. ಇಂಥ ಮಾತಿಗೆ ನಿಷೇಧವನ್ನು ಮುಂದಕ್ಕೆ ತನ್ನಿ: "ಒಂದು ಕಡೆ ಮಾತ್ರ ಬೇಡ. ಏರಿ ಬುಡ. ಅಲ್ಲಿ ಗುದ್ದಲಿಯೂ ಬೇಡ, ಜೆಸಿಬಿಯೂ ಬೇಡ." ಬೇಡ ಅನ್ನೋದು ಮೂರು ಸಲ ಬಂತು. ಒಂದು ತಪ್ಪಿದರೂ ಎರಡು ಮುಟ್ಟುತ್ತೆ. ಎಷ್ಟು ದೂರ ಬಿಡಬೇಕು ಅಂತ ಇಲಾಖೆಯ ಎಂಜಿನಿಯರ್ ಹತ್ತಿರ ಕೇಳಿ, ಸುಣ್ಣದ ಗೆರೆ ಹಾಕಿಸಿ, ಭಾಷಣದಲ್ಲಿ "ಸುಣ್ಣದ ಗೆರೆ ದಾಟಬೇಡಿ" ಅಂತ ಹೇಳಿದರೆ ಇನ್ನೂ ಒಳ್ಳೆಯದು. ಅಡಿ, ಮೀಟರ್ ಮರೆತುಹೋಗುತ್ತೆ, ಬಿಳಿ ಗೆರೆ ಮರೆಯಲ್ಲ.

ಭಾಷೆಯ ಮಟ್ಟದ ಬಗ್ಗೆ ಒಂದೇ ಮಾತು: "ಮಾಡ್ತೀವಿ" ಅಂತ ಶುರು ಮಾಡಿದರೆ ಕೊನೆವರೆಗೂ ಅದೇ ಇರಲಿ. ನಡುವೆ "ಮಾಡಬೇಕಾಗಿರುತ್ತದೆ" ಬಂದರೆ ಅಲ್ಲಿಂದ ಕಾಗದ ನೋಡಿ ಓದ್ತಿದ್ದಾರೆ ಅಂತ ತಕ್ಷಣ ಗೊತ್ತಾಗುತ್ತೆ. ನಿಮ್ಮದಲ್ಲದ ಊರಿನ ಆಡುನುಡಿ ಅನುಕರಿಸೋಕೆ ಮಾತ್ರ ಹೋಗಬೇಡಿ.

---

ಬೆದ್ದಲು_ಹೊಲ:

ಮೂವರಿಗೂ ಧನ್ಯವಾದ. ಟ್ರಾಲಿ ಲೆಕ್ಕ ನೋಡಿ ಭಾಷಣದ ಬೇಡಿಕೆಯನ್ನೇ ಬದಲಾಯಿಸಬೇಕಾಯ್ತು. ಈಗ ಆರಂಭ ಹೀಗಿದೆ:

"ಎಲ್ಲರಿಗೂ ನಮಸ್ಕಾರ. ನಮ್ಮ ಕೆರೆಯ ಹೂಳು ತೆಗೆದು ಮೂವತ್ತೆಂಟು ವರ್ಷ ಆಯ್ತು. ತೂಬಿನ ಕಂಬ ಅರ್ಧ ಮಣ್ಣಲ್ಲಿದೆ. ಕೆರೆ ನಮ್ಮೂರಿನ ತಾಯಿ. ಹೂಳು ಆ ತಾಯಿಗೆ ಬಂದ ಕ್ಯಾನ್ಸರ್. ಈ ಜೀವನಾಡಿ ಬತ್ತಿದರೆ ನಮ್ಮ ಬದುಕಿನ ದೀಪವೇ ಆರಿಹೋಗುತ್ತೆ. ಕೈ ಕೆಸರಾದರೆ ಬಾಯಿ ಮೊಸರು ಅಂತ ಹಿರಿಯರು ಹೇಳಿಲ್ಲವೇ?"

ಉಪಮೆ ಭಾಗ ಸರಿಯಾ? ಕೊನೆಯಲ್ಲಿ ಒಂದು ವಚನ ಸೇರಿಸಬೇಕು ಅಂತ ಸಮಿತಿಯವರ ಆಸೆ. ಕೊಳವೆ ಮೈಕ್‌ನಲ್ಲಿ ಮಾತು ಕಲಸಿಕೊಳ್ಳೋದಕ್ಕೂ ಏನಾದರೂ ದಾರಿ ಇದ್ದರೆ ತಿಳಿಸಿ.

---

ತೂಬಿನ_ಕಲ್ಲು:

ಮೊದಲ ಮೂರು ವಾಕ್ಯ ಗಟ್ಟಿ. "ಮೂವತ್ತೆಂಟು" ಅಂತ ನಿಖರವಾಗಿ ಬಂದದ್ದಕ್ಕೆ ಎಷ್ಟು ಬೆಲೆ ಇದೆ ನೋಡಿ. ಯಾರೋ ಹೋಗಿ ಕೇಳಿ ತಿಳಿದುಕೊಂಡಿದ್ದಾರೆ ಅನ್ನೋದು ಆ ಒಂದು ಪದದಲ್ಲೇ ಕೇಳಿಸುತ್ತೆ.

ನಾಲ್ಕನೇ ವಾಕ್ಯದಿಂದ ಚಿತ್ರಗಳು ಒಂದಕ್ಕೊಂದು ಡಿಕ್ಕಿ ಹೊಡೀತಿವೆ. ಕೆರೆ ತಾಯಿ ಆಯ್ತು, ತಾಯಿಗೆ ಕಾಯಿಲೆ ಬಂತು, ಮರುಕ್ಷಣ ಅವಳು ನಾಡಿ ಆದಳು, ನಾಡಿ ಬತ್ತಿತು, ಬತ್ತಿದ್ದಕ್ಕೆ ದೀಪ ಆರಿತು. ಮೂರು ವಾಕ್ಯದಲ್ಲಿ ನಾಲ್ಕು ಚಿತ್ರ, ಕೊನೆಗೆ ಒಂದೂ ಉಳಿಯಲ್ಲ. ಅದೂ ಅಲ್ಲದೆ ಸಭೆಯಲ್ಲಿ ಮನೆಯವರಿಗೆ ಕ್ಯಾನ್ಸರ್ ಆಗಿರುವವರು ಇರ್ತಾರೆ. ಆ ಪದ ಕೇಳಿದ ಮೇಲೆ ಅವರ ಮನಸ್ಸು ಕೆರೆಯ ಹತ್ತಿರ ಇರಲ್ಲ.

ಉಪಮೆಯನ್ನು ಪರೀಕ್ಷೆ ಮಾಡೋಕೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಕೇಳುವವರು ಆ ವಸ್ತುವನ್ನು ಕೈಯಲ್ಲಿ ಹಿಡಿದಿದ್ದಾರಾ? ಅದು ನಿಜವಾಗಿಯೂ ನಮ್ಮ ವಿಷಯದ ಹಾಗೆಯೇ ನಡೆದುಕೊಳ್ಳುತ್ತಾ, ಇಲ್ಲ ಬರೀ ಮರುಕ ಹುಟ್ಟಿಸುತ್ತಾ? ಏನು ಮಾಡಬೇಕು ಅನ್ನೋದೂ ಅದರಲ್ಲೇ ಕಾಣುತ್ತಾ? ತಾಯಿ, ಜೀವನಾಡಿ, ಬೆನ್ನೆಲುಬು ಎಲ್ಲ ಎರಡನೇ ಪ್ರಶ್ನೆಯಲ್ಲೇ ಬಿದ್ದುಹೋಗುತ್ತವೆ. ಸಾವಿರಾರು ಭಾಷಣದಲ್ಲಿ ಸವೆದು ಅವುಗಳಿಂದ ಚಿತ್ರ ಯಾವತ್ತೋ ಅಳಿಸಿಹೋಗಿದೆ.

ಹೂಳು ತುಂಬಿದ ಕೆರೆಗೆ ಆಗಿರೋದು ಏನು ಅಂತ ಸರಿಯಾಗಿ ನೋಡಿದರೆ ಉಪಮೆ ತಾನೇ ಬರುತ್ತೆ. ಅಗಲ ಬಹುಮಟ್ಟಿಗೆ ಹಾಗೇ ಇದೆ, ಆಳ ಹೋಗಿದೆ. ಬಿಸಿಲು ನೀರನ್ನು ಎಳೆಯೋದು ಅಗಲದ ಲೆಕ್ಕದಲ್ಲಿ. ಆದ್ದರಿಂದ ಆಳ ಕಮ್ಮಿಯಾದ ಕೆರೆ ಬೇಗ ಒಣಗುತ್ತೆ. ಇದು ಚೊಂಬಿಗೂ ತಟ್ಟೆಗೂ ಇರುವ ವ್ಯತ್ಯಾಸವೇ:

"ಒಂದು ಚೊಂಬು ನೀರು, ಒಂದು ತಟ್ಟೆ ನೀರು, ಎರಡನ್ನೂ ಬಿಸಿಲಲ್ಲಿಡಿ. ಸಂಜೆ ಬಂದು ನೋಡಿ. ತಟ್ಟೆ ಒಣಗಿರುತ್ತೆ, ಚೊಂಬಲ್ಲಿ ನೀರಿರುತ್ತೆ. ನಮ್ಮ ಹಿರಿಯರು ಚೊಂಬು ಕಟ್ಟಿಕೊಟ್ಟರು. ನಾವೆಲ್ಲ ಸೇರಿ ಅದನ್ನ ತಟ್ಟೆ ಮಾಡಿಟ್ಟಿದ್ದೀವಿ."

ಒಂದೇ ಚಿತ್ರ, ಅದರಲ್ಲೇ ಕಾರಣವೂ ಪರಿಹಾರವೂ ಇದೆ. ಇದನ್ನು ಎರಡನೇ ನಿಮಿಷದಲ್ಲಿ ಹೇಳಿ, ಕೊನೆಯಲ್ಲಿ ಒಂದೇ ವಾಕ್ಯದಲ್ಲಿ ನೆನಪಿಸಿ: "ಎರಡು ತಿಂಗಳಲ್ಲಿ ತಟ್ಟೆಯ ಒಂದು ಮೂಲೆ ಚೊಂಬಾಗುತ್ತೆ." ನಡುವೆ ಬೇರೆ ಉಪಮೆ ತರಬೇಡಿ. ನಿಜವಾದ ಚೊಂಬು ತಂದು ತೋರಿಸುವ ಆಸೆಯೂ ಬೇಡ, ಮೂರನೇ ಸಾಲಿನಾಚೆಗೆ ಅದು ಕಾಣಲ್ಲ. ಮಾತಲ್ಲಿ ಹೇಳಿದ ಚೊಂಬು ಮುನ್ನೂರು ಜನಕ್ಕೂ ಕಾಣುತ್ತೆ.

ಗಾದೆ ಚೆನ್ನಾಗಿದೆ, ಗೋಡು ತೆಗೆಯುವ ಕೆಲಸಕ್ಕೆ ಅಕ್ಷರಶಃ ಹೊಂದುತ್ತೆ. ಆದರೆ "ಹಿರಿಯರು ಹೇಳಿಲ್ಲವೇ" ತೆಗೆದುಬಿಡಿ. "ಕೈ ಕೆಸರಾದರೆ..." ಅಂತ ಹೇಳಿ ನಿಲ್ಲಿಸಿ, ಎರಡು ಸೆಕೆಂಡ್ ಜನರ ಕಡೆ ನೋಡಿ. ಉಳಿದರ್ಧ ಅವರೇ ಹೇಳ್ತಾರೆ. ಎಂಟು ನಿಮಿಷದಲ್ಲಿ ಅವರ ಬಾಯಿಂದ ಒಂದು ಮಾತು ಬಂದರೂ ಸಭೆ ನಿಮ್ಮ ಜೊತೆ ಇದೆ ಅಂತ ಅರ್ಥ. ಯಾರೂ ಹೇಳದಿದ್ದರೆ ನೀವೇ ಮುಗಿಸಿ ಮುಂದೆ ಹೋಗಿ, ಮತ್ತೆ ಕೇಳಬೇಡಿ.

ವಚನ ಕೊನೆಯಲ್ಲಿ ಬೇಡ. ವಚನಕ್ಕೆ ದೋಷವಿಲ್ಲ, ಸಮಸ್ಯೆ ಜಾಗದ್ದು. ಕೊನೆಯ ವಾಕ್ಯದಲ್ಲಿ ದಿನ, ಹೊತ್ತು, ಜಾಗ ಇರಬೇಕು. ವಚನ ಕೇಳಿ ಜನ ಚಪ್ಪಾಳೆ ತಟ್ಟಿ ಏಳ್ತಾರೆ, ಯಾವತ್ತು ಬರಬೇಕು ಅನ್ನೋದು ಅಲ್ಲೇ ಉಳಿಯುತ್ತೆ. "ಸೋಮವಾರ. ಬೆಳಗ್ಗೆ ಏಳು ಗಂಟೆ. ತೂಬಿನ ಹತ್ತಿರ. ಟ್ರ್ಯಾಕ್ಟರ್ ಇರುವವರು ಇವತ್ತೇ ಹೆಸರು ಬರೆಸಿ ಹೋಗಿ." ಇಷ್ಟಕ್ಕೇ ನಿಲ್ಲಿಸಿ. ಇದರ ಮೇಲೆ "ಇಷ್ಟು ಹೇಳಿ ನನ್ನ ಎರಡು ಮಾತನ್ನು ಮುಗಿಸುತ್ತೇನೆ" ಅಂತ ಸೇರಿಸಿದರೆ ಜನರ ಕಿವಿಯಲ್ಲಿ ಕೊನೆಗೆ ಉಳಿಯೋದು ಅದೇ.

---

ಕೊಳವೆ_ಮೈಕ್:

ಧ್ವನಿವರ್ಧಕದ ವಿಷಯಕ್ಕೆ. ಕೊಳವೆ ಆಕಾರದ ಹಾರ್ನ್ ನಡುಮಟ್ಟದ ದನಿಯನ್ನು ದೂರ ಎಸೆಯುತ್ತೆ, ತೀರಾ ತಗ್ಗು ದನಿಯನ್ನು ನುಂಗುತ್ತೆ. ಕಂಬಕ್ಕೆ ಎರಡು ಹಾರ್ನ್ ಎರಡು ದಿಕ್ಕಿಗೆ ಕಟ್ಟಿದ್ದರೆ ಎದುರಿನ ಶಾಲೆ ಗೋಡೆಗೋ ದೇವಸ್ಥಾನದ ಗೋಡೆಗೋ ಬಡಿದು ಮಾತು ವಾಪಸ್ ಬರುತ್ತೆ. ಗೋಡೆ 34 ಮೀಟರ್ ದೂರ ಇದ್ದರೆ ಪ್ರತಿಧ್ವನಿ ಸೆಕೆಂಡಿನ ಐದನೇ ಒಂದು ಭಾಗ ತಡವಾಗಿ ಬಂದು ನಿಮ್ಮ ಮುಂದಿನ ಅಕ್ಷರದ ಮೇಲೆ ಕೂರುತ್ತೆ. ಕಲಸಿಕೊಳ್ಳೋದು ಇದಕ್ಕೇ. ಜೋರಾಗಿ ಕೂಗಿದರೆ ಪ್ರತಿಧ್ವನಿಯೂ ಅಷ್ಟೇ ಜೋರಾಗುತ್ತೆ, ಪ್ರಯೋಜನವಿಲ್ಲ. ಪದಗಳ ನಡುವೆ ಜಾಗ ಬಿಡೋದೊಂದೇ ದಾರಿ.

ಕನ್ನಡದ ಪದಗಳು ಉದ್ದ. ಬಯಲು ಸಭೆಯಲ್ಲಿ ನಿಮಿಷಕ್ಕೆ 80ರಿಂದ 90 ಪದ ದಾಟಬೇಡಿ. ಎಂಟು ನಿಮಿಷಕ್ಕೆ ಬರೆಯಬೇಕಾದ್ದು 600 ಪದ, ಉಳಿದ ಸಮಯ ನಿಲುಗಡೆಗೆ, ಜನರ ಮಾತಿಗೆ. 800 ಪದ ಬರೆದುಕೊಂಡು ಹೋದರೆ ಕೊನೆಯ ಎರಡು ನಿಮಿಷ ಓಡಿಸಬೇಕಾಗುತ್ತೆ, ನಿಮ್ಮ ಬೇಡಿಕೆ ಇರೋದು ಆ ಎರಡು ನಿಮಿಷದಲ್ಲೇ.

ಮೈಕ್ ಬಾಯಿಂದ ಅರ್ಧ ಮುಕ್ಕಾಲು ಗೇಣು ದೂರ ಇರಲಿ, 10ರಿಂದ 15 ಸೆಂಟಿಮೀಟರ್. ನೇರ ಬಾಯಿ ಮುಂದೆ ಹಿಡಿಯದೆ ಒಂದಿಷ್ಟು ಓರೆ ಮಾಡಿ. ಇಲ್ಲದಿದ್ದರೆ ಪ, ಬ, ಭ, ಫ ಬಂದಾಗಲೆಲ್ಲ ಉಸಿರು ಬಡಿದು ಡಬ್ ಡಬ್ ಅನ್ನುತ್ತೆ. ಸ, ಶ, ಷ ಇರುವ ಪದಗಳು ಹಾರ್ನಿನಲ್ಲಿ ಬರೀ ಸೀಟಿಯಾಗುತ್ತವೆ. ನಿಮ್ಮ ಮೊದಲ ಪ್ರತಿಯ "ಪುನಶ್ಚೇತನ", "ಸಂರಕ್ಷಣೆ", "ಸಂಗ್ರಹಣಾ" ಎಲ್ಲ ಆ ಜಾತಿಯವು. "ಚೊಂಬು", "ತಟ್ಟೆ", "ಗೋಡು", "ಗುದ್ದಲಿ" ಮೊದಲಾದವು ಒಡೆದು ಕೇಳಿಸುತ್ತವೆ.

ಗಡಿ_ನುಡಿ ಹೇಳಿದ ದನಿ ಇಳಿಯುವ ವಿಷಯಕ್ಕೆ ಒಂದು ಅಭ್ಯಾಸ ಇದೆ. ಭಾಷಣವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ. ಫೋನನ್ನು ಹತ್ತು ಹೆಜ್ಜೆ ದೂರ ಇಟ್ಟು ಕೇಳುತ್ತಾ ಪ್ರತಿ ವಾಕ್ಯದ ಕೊನೆಯ ಪದವನ್ನಷ್ಟೇ ಬರೆದುಕೊಳ್ಳಿ. ಎಲ್ಲಿ ಬರೆಯೋಕೆ ಆಗಲಿಲ್ಲವೋ ಅಲ್ಲಿ ದನಿ ಬಿದ್ದಿದೆ. ಅಂಥ ವಾಕ್ಯದ ಕೊನೆಯ ಪದಕ್ಕೆ ಮೊದಲು ಒಂದು ಗೆರೆ ಹಾಕಿ, ಅಲ್ಲಿ ಉಸಿರು ತಗೊಂಡು ಆ ಪದ ಹೇಳಿ. ಎರಡನೇ ಸಲದ ರೆಕಾರ್ಡಿಂಗ್‌ನಲ್ಲೇ ವ್ಯತ್ಯಾಸ ಗೊತ್ತಾಗುತ್ತೆ.

---

ಎಕರೆ_ಅಡಿ:

ಒಂದು ಸಣ್ಣ ಸೇರ್ಪಡೆ. ಮಾತು ಸಿದ್ಧವಾದ ಮೇಲೆ ಕೆರೆ ವಿಷಯ ಗೊತ್ತಿಲ್ಲದ ಒಬ್ಬರಿಗೆ, ಹತ್ತು ಹನ್ನೆರಡು ವರ್ಷದ ಮಕ್ಕಳಾದರೂ ಸರಿ, ಒಮ್ಮೆ ಪೂರ್ತಿ ಹೇಳಿ. ಕಾಲು ಗಂಟೆ ಬಿಟ್ಟು "ಏನು ನೆನಪಿದೆ?" ಅಂತ ಕೇಳಿ. ಚೊಂಬು ತಟ್ಟೆ, ಹತ್ತು ಟ್ಯಾಂಕರ್, ಸುಣ್ಣದ ಗೆರೆ, ಸೋಮವಾರ ಏಳು ಗಂಟೆ, ಈ ನಾಲ್ಕು ಬಂದರೆ ಸಾಕು. ಯಾವುದು ಬರಲಿಲ್ಲವೋ ಅದರ ಅಕ್ಕಪಕ್ಕದ ವಾಕ್ಯ ತೆಗೆಯಿರಿ. ಮರೆತ ಮಾತಿನ ತಪ್ಪು ಬಹುಪಾಲು ಅದನ್ನು ಮುಚ್ಚಿಕೊಂಡ ನೆರೆಯ ಮಾತಿನಲ್ಲಿರುತ್ತೆ.

---

ಗಡಿ_ನುಡಿ:

ಕಾಗದ ಇಟ್ಟುಕೊಂಡೇ ಮಾತಾಡೋದಾದರೆ ಅಕ್ಷರ ದೊಡ್ಡದಿರಲಿ, ಒಂದೇ ಮಗ್ಗುಲಿಗೆ ಬರೆಯಿರಿ, ಒಂದು ವಾಕ್ಯಕ್ಕೆ ಒಂದು ಸಾಲು. ವಾಕ್ಯ ಪುಟದ ಕೊನೆಯಲ್ಲಿ ಅರ್ಧಕ್ಕೆ ಮುರಿಯಬಾರದು. ಹಾಳೆ ತಿರುವುವಾಗ ಆಗುವ ತಡೆ ವಾಕ್ಯ ಮುಗಿದ ಮೇಲೆ ಬಂದರೆ ಜನರಿಗೆ ಅದು ನಿಲುಗಡೆ ಅನ್ನಿಸುತ್ತೆ. ಬಯಲಲ್ಲಿ ಗಾಳಿ ಇರುತ್ತೆ, ಹಾಳೆಗಳನ್ನು ರಟ್ಟಿಗೆ ಕ್ಲಿಪ್ ಹಾಕಿಕೊಳ್ಳಿ. ಏರಿ ಬುಡದ ಮಾತು ಮತ್ತು ಸೋಮವಾರದ ಮಾತು, ಇವೆರಡನ್ನೂ ಕಾಗದ ನೋಡದೆ ಹೇಳುವಷ್ಟು ಬಾಯಿಪಾಠ ಮಾಡಿ.